ಎಂಪಿ3 ಮಾಡಿಕೊಡಲು ಆಡಾಸಿಟಿ ಇಷ್ಟು ವರ್ಷ ಯಾಕೆ ಸತಾಯಿಸಿತು?

ಫೋನಿನಲ್ಲಿ ರೆಕಾರ್ಡ್ ಮಾಡಿದ ಎಂ4ಎ ಫೈಲನ್ನು ವಿಂಡೋಸ್ ಕಂಪ್ಯೂಟರಿನಲ್ಲಿ, ಸದ್ದು ರೆಕಾರ್ಡ್ ಮಾಡಿ ತಿದ್ದುವ ಆಡಾಸಿಟಿ ತಂತ್ರಾಂಶಕ್ಕೆ ಎಳೆದು ಹಾಕಿ ನೋಡಿ. ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ತಂತ್ರಾಂಶ ಹಾಕಿಲ್ಲದಿದ್ದರೆ ತೆರೆಯುವುದಿಲ್ಲ. ಇಷ್ಟು ಒಳ್ಳೆಯ ಉಚಿತ ತಂತ್ರಾಂಶ, ಇಷ್ಟು ಸಣ್ಣ ಕೆಲಸಕ್ಕೆ ಇನ್ನೊಂದನ್ನು ತಂದುಕೊಡಿ ಅನ್ನುವುದು ಯಾಕೆ? ಮಾಡಲು ಬಾರದೆ ಅಲ್ಲ. ಕಾರಣ ಪೇಟೆಂಟ್, ಅಂದರೆ ಕಂಡುಹಿಡಿದವರ ಅನುಮತಿ ಇಲ್ಲದೆ ಬಳಸುವಂತಿಲ್ಲ ಎಂಬ ಹಕ್ಕು. ಅದರ ಕಥೆ ಎಂಪಿ3ಯಿಂದ ಶುರುವಾಗುತ್ತದೆ.

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಮತ್ತು ಇತರರು ಹಲವು ವರ್ಷ ಕೂತು ಮಾಡಿದ, ಸದ್ದಿನ ಫೈಲನ್ನು ಚಿಕ್ಕದು ಮಾಡುವ ವಿಧಾನ 1993ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. 1995ರಲ್ಲಿ ಅದರ ಫೈಲುಗಳಿಗೆ ಎಂಪಿ3 ಎಂಬ ಹೆಸರು ಬಂತು. ಸಿಡಿ ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3ಗೆ ಒಂದು ಎಂಬಿ ಸಾಕು. ಡಯಲ್-ಅಪ್ ಕಾಲದಲ್ಲಿ ಜನ ಅದನ್ನು ಬಿಡುತ್ತಾರಾ?

1998ರಲ್ಲಿ, ಎನ್‌ಕೋಡರ್ (ಎಂಪಿ3 ಮಾಡಿಕೊಡುವ ತಂತ್ರಾಂಶ) ಬರೆದು ಹಂಚುತ್ತಿದ್ದವರಿಗೆ, ಪೇಟೆಂಟ್ ಇದ್ದ ಫ್ರಾನ್‌ಹೋಫರ್‌ನಿಂದ ಲೈಸೆನ್ಸ್ ಶುಲ್ಕ ಕೇಳಿ ಪತ್ರಗಳು ಬಂದವು. ಅದೇ ವರ್ಷ ಶುರುವಾದ ಲೇಮ್ ಎಂಬ ಉಚಿತ ಎನ್‌ಕೋಡರ್ ಬೇರೆ ದಾರಿ ಹಿಡಿಯಿತು. ‘ಇದು ಕಲಿಯಲು’ ಎಂದು ಹೇಳಿ ನೇರ ಓಡುವ ಪ್ರೋಗ್ರಾಂ ಕೊಡದೆ ಬರೀ ಸೋರ್ಸ್ ಕೋಡ್ (ಪ್ರೋಗ್ರಾಂ ಬರೆದ ಪಠ್ಯ) ಕೊಟ್ಟಿತು. ಇತ್ತ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ 1999ರಲ್ಲಿ ಆರಂಭಿಸಿದ ಆಡಾಸಿಟಿ 2000ದ ಮೇ ತಿಂಗಳಲ್ಲಿ ಹೊರಬಂತು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ತಂತ್ರಾಂಶ ಇದು. ಒಂದೊಂದು ಪ್ರತಿಗೂ ಶುಲ್ಕ ಅಂದರೆ ಲೆಕ್ಕ ಇಡುವವರು ಯಾರು, ಕಟ್ಟುವವರು ಯಾರು? ಹಾಗಾಗಿ ಲೇಮ್ ಅನ್ನು ಜೊತೆಗೆ ಸೇರಿಸಲಿಲ್ಲ.

ಅದರ ಬಿಸಿ ತಟ್ಟಿದ್ದು ನಮ್ಮಂಥವರಿಗೆ. ಹಳೆಯ ತಾಳಮದ್ದಳೆ ಕ್ಯಾಸೆಟ್ಟು. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು. ಒಂದು ಗಂಟೆ ಸದ್ದು ಮಾಡದೆ ಕೂತು ರೆಕಾರ್ಡ್ ಮಾಡಿದರೆ 600 ಎಂಬಿ. ಎಂಪಿ3 ಮಾಡೋಣ ಅಂತ ಎಕ್ಸ್‌ಪೋರ್ಟ್ ಒತ್ತಿದರೆ ಸಣ್ಣ ಕಿಟಕಿ: ‘ಲೇಮ್ ಎನ್‌ಸಿ ಡಿಎಲ್‌ಎಲ್’ ಎಂಬ ಫೈಲ್ ಎಲ್ಲಿದೆ, ತೋರಿಸಿ! ಹುಡುಕಲು ಹೋದರೆ ಪುಟದ ತುಂಬಾ ಹಸಿರು ಡೌನ್‌ಲೋಡ್ ಬಟನ್‌ಗಳು. ಯಾವುದು ಅಸಲಿ, ಯಾವುದು ವೈರಸ್ ಅಂತ ಗೊತ್ತಾಗುತ್ತಿರಲಿಲ್ಲ.

ಜಾಸ್ತಿ ಜನ ಸೋತು ಅಂಗಡಿಗೆ ಕೊಟ್ಟರು. ನಾನೂ ಕೊಟ್ಟೆ. ಫೈಲ್ ಚಿಕ್ಕದಾಗಲಿ ಅಂತ ಅವರು 32 ಕೆಬಿಪಿಎಸ್‌ನಲ್ಲಿ ಮಾಡಿಕೊಟ್ಟರು. ಅರ್ಥಧಾರಿಗಳ ಮಾತು ಹೇಗೋ ತಿಳಿಯುತ್ತದೆ. ಭಾಗವತರ ಜಾಗಟೆ ಮಾತ್ರ ನೀರೊಳಗೆ ಬಡಿದ ಹಾಗೆ ಕೇಳುತ್ತದೆ. ಚೆಂಡೆಯ ಮೊನಚು ಹೋಗಿದೆ. ಎಂಪಿ3 ಕಿವಿಗೆ ಅಷ್ಟಾಗಿ ಬೇಡದ್ದನ್ನು ಕತ್ತರಿಸಿ ಎಸೆಯುತ್ತದೆ. ಬಿಟ್‌ರೇಟ್ (ಆ ಕೆಬಿಪಿಎಸ್ ಲೆಕ್ಕ) ಇಳಿದಷ್ಟೂ ಬೇಕಾದದ್ದೂ ಹೋಗುತ್ತದೆ. ಆಮೇಲೆ ಅದನ್ನು ವೇವ್ ಮಾಡಿದರೆ ಫೈಲ್ ದೊಡ್ಡದಾಗುತ್ತದೆ, ಹೋದ ಸದ್ದು ಬರುವುದಿಲ್ಲ. ಅಷ್ಟರಲ್ಲಿ ಆ ಕ್ಯಾಸೆಟ್ಟಿಗೂ ಬೂಷ್ಟು ಹಿಡಿದಿತ್ತು.

ಯಾರ ಅನುಮತಿಯೂ ಬೇಡದ ಫಾರ್ಮ್ಯಾಟ್‌ಗಳು ಆಗಲೇ ಇದ್ದವು. ಏನನ್ನೂ ಕಳೆಯದೆ ಫೈಲನ್ನು ಸುಮಾರು ಅರ್ಧಕ್ಕೆ ಇಳಿಸುವ ಫ್ಲ್ಯಾಕ್ 2001ರಲ್ಲಿ ಬಂತು, ಎಂಪಿ3ಗೆ ಬದಲಾಗಿ ಆಗ್ ವೋರ್ಬಿಸ್‌ನ 1.0 ಆವೃತ್ತಿ 2002ರಲ್ಲಿ. ಆದರೆ ನಮ್ಮ ಕಾರಿನ ಪ್ಲೇಯರಿಗೂ ಮೊಬೈಲ್ ಅಂಗಡಿಗೂ ಎಂಪಿ3 ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಎಂಪಿ3 ಲೈಸೆನ್ಸ್ ವ್ಯವಸ್ಥೆ 2017ರ ಏಪ್ರಿಲ್‌ನಲ್ಲಿ ಮುಗಿಯಿತು. 2019ರ ಮೇ ತಿಂಗಳ 2.3.2 ಆವೃತ್ತಿಯಿಂದ ಲೇಮ್ ಆಡಾಸಿಟಿಯ ಒಳಗೇ ಬಂತು. ಆ ಕಿಟಕಿ ಮಾಯವಾಯಿತು. ಎಂ4ಎ ಒಳಗಿರುವ ಎಎಸಿ ಎಂಬ ಸದ್ದಿನ ಫಾರ್ಮ್ಯಾಟ್‌ಗೆ ಮಾತ್ರ ಪೇಟೆಂಟ್ ಗಂಟು ಪೂರ್ತಿ ಬಿಚ್ಚಿಲ್ಲ. ಅದಕ್ಕೇ ಎಫ್‌ಎಫ್‌ಎಂಪೆಗ್ ಹೊರಗೇ ನಿಂತಿದೆ. ಒಮ್ಮೆ ಹಾಕಿಕೊಂಡರೆ ಸಾಕು. ಆದರೆ ಆಡಾಸಿಟಿಯವರೇ ತೋರಿಸುವ ಜಾಗದಿಂದ ಇಳಿಸಿಕೊಳ್ಳಿ, ಸುಮ್ನೆ ಹುಡುಕಿ ಸಿಕ್ಕಿದ್ದನ್ನಲ್ಲ.

ನಮ್ಮ ಮನೆಯಲ್ಲಿ ಇನ್ನೂ ಮೂರು ಕ್ಯಾಸೆಟ್ ಉಳಿದಿವೆ. ಎರಡನ್ನು ಫ್ಲ್ಯಾಕ್ ಮಾಡಿಟ್ಟಿದ್ದೇನೆ. ಕೇಳಿದ ನೆಂಟರಿಗೆ ಅದರಿಂದಲೇ ಎಂಪಿ3 ತೆಗೆದು ಕಳಿಸುತ್ತೇನೆ. ಮೂರನೆಯದರ ರಿಬ್ಬನ್ ಅಂಟಿಕೊಂಡಿದೆ, ಈ ವಾರ ಬಿಡಿಸಿ ನೋಡಬೇಕು.