ಅಚ್ಚಿಗೆ ಕೂರುವ ತೊಗಲು ಎಲ್ಲಿ ಹೋಯಿತು?

ಹೊಸ ತೊಗಲಿನ ಕಟ್ಟು ಬಂದ ದಿನ ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮೊದಲು ಒಲೆಯ ಮೇಲೆ ನೀರು ಇಡುತ್ತಾರೆ. ಕಾಕಾ ಪ್ರತಿ ತೊಗಲಿನ ಅಂಚಿನಿಂದ ಬೆರಳಗಲದ ತುಂಡು ಕೊಯ್ದು ಕುದಿಯುವ ನೀರಿಗೆ ಹಾಕುತ್ತಾರೆ. ತುಂಡು ಮುದುಡಿ ಸುರುಳಿಯಾದರೆ ಅದು ಮರದ ಚಕ್ಕೆಯಲ್ಲಿ, ಅಂದರೆ ತೊಗಟೆಯಲ್ಲಿ, ಕೊಳೆಯದಂತೆ ಹದ ಮಾಡಿದ್ದು. ಏನೂ ಆಗದೆ ಹಾಗೇ ಉಳಿದರೆ ಕ್ರೋಮ್, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. "ಇದು ನಮಗ ಆಗಂಗಿಲ್ಲ, ಬ್ಯಾರೆ ಇಡು" ಅನ್ನುತ್ತಾರೆ.

ಕುದಿಯುವ ನೀರನ್ನೇ ತಡೆದುಕೊಂಡ ತೊಗಲು ಜಾಸ್ತಿ ಗಟ್ಟಿ ಅಲ್ವಾ, ಅದನ್ನೇಕೆ ಬೇಡ ಅನ್ನುತ್ತಾರೆ ಅಂತ ಚಿಕ್ಕವನಿದ್ದಾಗ ನಾನೂ ಕೇಳಿದ್ದೆ. ನಮ್ಮದು ಅಚ್ಚಿನ ಕೆಲಸ. ಕನ್ನಡಕದ ಡಬ್ಬಿ, ಕುಡಗೋಲಿನ ಒರೆ, ಅಳತೆ ಟೇಪಿನ ದುಂಡನೆಯ ಕವಚ, ಎಲೆ ಅಡಿಕೆ ಸಂಚಿ ಇಂಥವು. ತೊಗಲು ನೀರು ಕುಡಿದು ಮೆತ್ತಗಾಗಬೇಕು. ಅಚ್ಚಿನ ಮೇಲೆ ಕೂತ ಮೇಲೆ ಅದೇ ಆಕಾರದಲ್ಲಿ ಒಣಗಿ ಗಟ್ಟಿಯಾಗಬೇಕು. ಚಕ್ಕೆಯ ತೊಗಲು ಹೇಳಿದ ಮಾತು ಕೇಳುತ್ತದೆ. ಕ್ರೋಮ್ ತೊಗಲನ್ನು ಎಷ್ಟು ಒತ್ತಿದರೂ ಒಣಗಿದ ಮೇಲೆ ಮತ್ತೆ ಸಡಿಲಾಗುತ್ತದೆ.

ಈಗ ಇದನ್ನೆಲ್ಲ ಬರೆಯಲು ಕಾರಣ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಕೊಲ್ಹಾಪುರಿಯಂಥ ಚಪ್ಪಲಿ ತೋರಿಸಿತು. ಇಲ್ಲಿನ ಕಸುಬಿನ ಹೆಸರೇ ಹೇಳಲಿಲ್ಲ ಅಂತ ಗದ್ದಲವಾಯಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಚರ್ಮ ನಿಗಮಗಳ ಜೊತೆ ಒಪ್ಪಂದವಾಯಿತು. 2,000 ಜೋಡಿ ಇಲ್ಲೇ ಮಾಡಿಸುವ ಮಾತೂ ಬಂತು. ಅಂದಿನಿಂದ ಸಿಕ್ಕವರೆಲ್ಲ ಕೇಳುತ್ತಾರೆ: ನಿಮಗೂ ಒಳ್ಳೆ ಕಾಲ ಬಂತಲ್ಲ? ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಹಲವು ಎಳೆಗಳು ಗಂಟು ಬಿದ್ದಿವೆ.

ಕಸುಬು ಬಹಳ ಹಳೆಯದು. 12ನೇ ಶತಮಾನದ ಮಾದಾರ ಚೆನ್ನಯ್ಯನ ಅಂಕಿತದಲ್ಲೇ ಉಳಿ, ಕತ್ತಿಗಳ ಹೆಸರು ಸೇರಿವೆ. ಅಲ್ಲಿಂದ ನಮ್ಮ ಅಜ್ಜನ ಕಾಲದವರೆಗೆ ಕೆಲಸದ ಹಂಚಿಕೆ ಹೆಚ್ಚು ಬದಲಾಗಲಿಲ್ಲ. ಡೋಹರರ ಮನೆಯಲ್ಲಿ ತೊಗಲು ಹದವಾಗುತ್ತಿತ್ತು, ನಮ್ಮಂಥ ಸಮಗಾರರ ಮನೆಯಲ್ಲಿ ಹೊಲಿಗೆಯಾಗುತ್ತಿತ್ತು. ಮದ್ರಾಸಿನಲ್ಲಿ 1903ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಹದ ಶುರು ಮಾಡಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ದಿನಗಳಿಗೆ ಇಳಿಯಿತು. ಆದರೂ ಹಳ್ಳಿಗಳಲ್ಲಿ ಚಕ್ಕೆಯ ಹದವೇ ನಡೆದಿತ್ತು. ರೈತನ ಮಿಣಿ, ಬಾರುಕೋಲು, ಕಪಿಲೆ ಬಾವಿಯ ಚೀಲ ಎಲ್ಲಕ್ಕೂ ಅದೇ ಬೇಕಿತ್ತು.

ಆ ಹದ ಹೇಗಿತ್ತು ಅಂತ ಕಾಕಾ ಹೇಳುತ್ತಾರೆ. ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಕೆರೆಯಬೇಕು. ಆಮೇಲೆ ತೊಗಲನ್ನು ಚೀಲದಂತೆ ಹೊಲಿದು, ಮರಕ್ಕೆ ತೂಗುಹಾಕಿ, ಒಳಗೆ ಜಾಲಿ ಚಕ್ಕೆ, ತಂಗಡಿ ಚಕ್ಕೆ, ಅಳಲೆಕಾಯಿ ತುಂಬಿ ನೀರು ಹೊಯ್ಯಬೇಕು. ನೀರು ತೊಟ್ಟಿಕ್ಕುತ್ತದೆ, ಮತ್ತೆ ಅದನ್ನೇ ಮೇಲೆ ಹೊಯ್ಯಬೇಕು. ಹದ ಮಾಡುವವರ ಕೈ ಕೆಂಪಾಗುತ್ತಿತ್ತು. ವಾಸನೆ ಮೈಗೆ ಹತ್ತಿಕೊಂಡು, ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು.

ನನಗೆ ಚೆನ್ನಾಗಿ ನೆನಪಿರುವುದು 1980ರ ಆಸುಪಾಸಿನ ದಿನಗಳು. ನಮ್ಮ ಪಡಸಾಲೆಯ ಒಂದು ಗೋಡೆ ಪೂರ್ತಿ ಅಚ್ಚುಗಳೇ ಇದ್ದವು. ಸಾಗವಾನಿ ಕಟ್ಟಿಗೆಯಲ್ಲಿ ಅಜ್ಜ ಕೆತ್ತಿದವು. ತೊಗಲನ್ನು ಬೆಚ್ಚಗಿನ ನೀರಿನಲ್ಲಿ ಮುಳುಗಿಸುತ್ತಿದ್ದೆವು. ಗುಳ್ಳೆ ಏಳುವುದು ನಿಂತಿತೆಂದರೆ ನೀರು ಒಳಗೆ ಇಳಿಯಿತು ಅಂತ ಲೆಕ್ಕ. ನೀರು ಜಾಸ್ತಿ ಬಿಸಿಯಾದರೆ ತೊಗಲು ಕುಗ್ಗಿ ಕೆಡುತ್ತದೆ, ಹಾಗಾಗಿ ಅಮ್ಮ ಮೊಣಕೈ ಅದ್ದಿ ನೋಡುತ್ತಿದ್ದಳು. ಕೂಸಿಗೆ ಎರೆಯುವ ನೀರನ್ನು ನೋಡುವ ಹಾಗೆಯೇ. ಆಮೇಲೆ ಅಜ್ಜ ತೊಗಲನ್ನು ಅಚ್ಚಿನ ಮೇಲೆ ಎಳೆದು, ಅಂಚಿಗೆ ಮೊಳೆ ಹೊಡೆದು, ಎಮ್ಮೆಯ ಕೊಂಬಿನ ತುಂಡಿನಿಂದ ಮೂಲೆ ಮೂಲೆ ತೀಡುತ್ತಿದ್ದರು. ಒಣಗುವುದು ನೆರಳಿನಲ್ಲೇ. ಎರಡು ದಿನ ಬಿಟ್ಟು ಮೊಳೆ ಕಿತ್ತರೆ, ಅಚ್ಚಿನಿಂದ ಬಿಡಿಸಿದ ತೊಗಲಿಗೆ ಬೆರಳಿಂದ ತಟ್ಟಿದಾಗ ಟಕ್ ಅಂತ ಸದ್ದು ಬರಬೇಕು. ಹೊಲಿಗೆಗೆ ಮೇಣ ತಿಕ್ಕಿದ ದಾರ.

ಜನರಿಗೆ ಆಗ ಎಷ್ಟೊಂದು ಬೇಕಾಗಿತ್ತು! ಟ್ರಾನ್ಸಿಸ್ಟರ್ ರೇಡಿಯೋಗೆ ತೂತು ಕೊರೆದ ತೊಗಲಿನ ಕವಚ. ಹೊಲದ ಬದುವಿನಲ್ಲಿ ಧಾರವಾಡ ಆಕಾಶವಾಣಿ ಕೇಳುವ ರೈತ ಅದನ್ನು ಹೆಗಲಿಗೆ ಹಾಕಿಕೊಂಡೇ ಬರುತ್ತಿದ್ದ. ಸ್ಟುಡಿಯೋದವರ ಕ್ಯಾಮೆರಾ ಚೀಲ. ಎಲ್ಲಕ್ಕಿಂತ ಜಾಸ್ತಿ ಹೋಗುತ್ತಿದ್ದದ್ದು ವಾಷರ್. ಸೈಕಲ್ ಪಂಪು, ಸೀಮೆಎಣ್ಣೆ ಸ್ಟೋವು, ಊರ ಬೋರ್‌ವೆಲ್ಲಿನ ಕೈಪಂಪು ಎಲ್ಲದರ ಒಳಗೂ ಬಟ್ಟಲಿನಾಕಾರದ ತೊಗಲಿನ ವಾಷರ್ ಇರುತ್ತಿತ್ತು. ಅದೂ ಅಚ್ಚಿನಲ್ಲಿ ಒತ್ತಿದ್ದೇ. ನೀರು ಮೇಲೆತ್ತುವಾಗ ಬಟ್ಟಲಿನ ಅಂಚು ಅಗಲವಾಗಿ ಕೊಳವೆಗೆ ಅಂಟಿಕೊಳ್ಳುತ್ತದೆ, ಸೋರಲು ಬಿಡುವುದಿಲ್ಲ. ನಮ್ಮ ಶಾಲೆಯ ಫೀಸು ಹುಟ್ಟಿದ್ದು ಆ ವಾಷರಿನಿಂದ.

ಅದೇ ದಶಕದಲ್ಲಿ ಇಂಡಿಯಾ ಮಾರ್ಕ್ 2 ಕೈಪಂಪನ್ನು ತಮಿಳುನಾಡಿನ ಕೊಯಮತ್ತೂರು ಕಡೆ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ನೈಟ್ರೈಲ್ ರಬ್ಬರಿನ ವಾಷರ್ ತೊಗಲಿಗಿಂತ ಬಹಳ ಬಾಳುತ್ತದೆ ಅಂತ ಗೊತ್ತಾಯಿತು. ಬದಲಾಯಿಸಿದರು. ಊರಿನ ಹೆಣ್ಣುಮಕ್ಕಳಿಗೆ ಪಂಪು ಕೆಡದೆ ನೀರು ಸಿಗುವುದು ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಂಥ ಮನೆಗಳ ದೊಡ್ಡ ಗಿರಾಕಿ ಹೋಯಿತು. ಡಬ್ಬಿಗಳ ಜಾಗಕ್ಕೆ ಪ್ಲಾಸ್ಟಿಕ್, ಸಂಚಿಗಳ ಜಾಗಕ್ಕೆ ರೆಕ್ಸಿನ್ ಬಂದವು.

ಇನ್ನೊಂದು ಕಡೆ ಹದದ ಬಾನಿಗಳೂ ಖಾಲಿಯಾದವು. ಹದ ಮಾಡುತ್ತಿದ್ದ ಮನೆಗಳ ಮಕ್ಕಳು ಓದಿದರು, ನೌಕರಿ ಹಿಡಿದರು. ಅಷ್ಟು ಅವಮಾನ ಉಂಡವರು ಮಕ್ಕಳನ್ನು ಅದರಿಂದ ದೂರ ಇಟ್ಟದ್ದು ಸರಿಯೇ. 1974ರ ಜಲಮಾಲಿನ್ಯ ತಡೆ ಕಾಯ್ದೆ ಬಂದ ಮೇಲೆ ಹದದ ನೀರನ್ನು ಸುಮ್ನೆ ಹಳ್ಳಕ್ಕೆ ಬಿಡುವ ಹಾಗಿರಲಿಲ್ಲ. ಅದೂ ಬೇಕಾದ ಕಾನೂನೇ. ಆದರೆ ಎರಡು ಬಾನಿ ಇಟ್ಟುಕೊಂಡವನು ನೀರು ಶುದ್ಧ ಮಾಡುವ ಘಟಕ ಎಲ್ಲಿಂದ ತರಬೇಕು? 1976ರಲ್ಲಿ ರಾಜ್ಯದ ಚರ್ಮ ಅಭಿವೃದ್ಧಿ ನಿಗಮ, ಈಗಿನ ಲಿಡ್ಕರ್, ಹುಟ್ಟಿತು. ತರಬೇತಿ, ಮಾರಾಟದ ಮಳಿಗೆ ಬಂದವು. ಚಪ್ಪಲಿ, ಬೂಟು ಮಾಡುವವರಿಗೆ ಅನುಕೂಲವಾಯಿತು. ತೊಗಲು ಹದ ಮಾಡುವ ಹಳೆ ದಾರಿ ಮಾತ್ರ ನಮ್ಮ ಕಣ್ಣ ಮುಂದೆಯೇ ಮುಚ್ಚಿಹೋಯಿತು.

2019ರ ಹೊತ್ತಿಗೆ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು (ಜಿಐ), ಅಂದರೆ ಗೊತ್ತುಮಾಡಿದ ಸೀಮೆಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಅನ್ನುವ ಮಾನ್ಯತೆ, ಸಿಕ್ಕ ಸುದ್ದಿ ಬಂತು. ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆ ಸೇರಿಸಿ. ನಮ್ಮ ಕಡೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದ ಗದಗ, ಹಾವೇರಿ ಇದರಲ್ಲಿ ಇಲ್ಲ. ನಮಗೆ ಅಳಿಯ, ಬೀಗರು ಎಲ್ಲ ಅಲ್ಲಿನವರೇ. ಕೈಕೆಲಸ ಒಂದೇ, ಗುರುತು ಬೇರೆ. ಅದೂ ಅಲ್ಲದೆ ಗುರುತು ಚಪ್ಪಲಿಗೆ. ಅಚ್ಚಿನ ಡಬ್ಬಿಗೆ, ಒರೆಗೆ ಅದು ಅನ್ವಯಿಸುವುದಿಲ್ಲ.

ಕಚ್ಚಾ ತೊಗಲಿನ ಗಂಟೂ ಇದೆ. ರಾಜ್ಯದ 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಇತ್ತು. 2021ರ ಜನವರಿಯಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ. ಇದರ ಸರಿತಪ್ಪು ಬೇರೆಯದೇ ಚರ್ಚೆ. ಸತ್ತ ದನದ ತೊಗಲು ಸುಲಿದು ಸಾಗಿಸುವವನೂ ದಾರಿಯಲ್ಲಿ ಯಾರಿಗೆ ಏನು ಉತ್ತರ ಹೇಳಬೇಕೋ ಅಂತ ಹೆದರುತ್ತಾನೆ, ನಮಗೆ ತಟ್ಟುವುದು ಅದು.

ಹಾಗಾಗಿ ಈಗ ನಮ್ಮ ಕಟ್ಟು ತಮಿಳುನಾಡಿನಿಂದ ಬರುತ್ತದೆ. ಅಲ್ಲಿ ಹದಕ್ಕೆ ಬಳಸುವುದು ಹೆಚ್ಚಾಗಿ ಹೊರದೇಶದಿಂದ ಬಂದ ವಾಟಲ್ ಮರದ ಚಕ್ಕೆಯ ಸಾರ. ಗದಗದ ದಾರಿಯುದ್ದಕ್ಕೂ ತಂಗಡಿ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಾಲ್ಕಾರು ಮನೆಗಳಿಗೆ ಸೇರಿ ಒಂದು ಹದದ ಜಾಗ, ನೀರು ಶುದ್ಧ ಮಾಡುವ ಒಂದು ತೊಟ್ಟಿ ಇದ್ದರೆ ಸಾಕಿತ್ತು. ಗಿರಾಕಿಗೆ ಕೊರತೆ ಇಲ್ಲ. ಧಾರವಾಡದ ಕಾಲೇಜಿನ ಹುಡುಗರು ಕನ್ನಡಕದ ಡಬ್ಬಿ ಕೇಳಿಕೊಂಡು ಮನೆಗೇ ಬರುತ್ತಾರೆ.

ಕಳೆದ ವಾರದ ಕಟ್ಟಿನಲ್ಲಿ 9 ತೊಗಲು ಬಂದಿದ್ದವು. 3 ತುಂಡುಗಳು ಕುದಿಯುವ ನೀರಿನಲ್ಲಿ ಹಾಗೇ ಉಳಿದವು. ಕಾಕಾ ಅವನ್ನು ಮೂಲೆಗಿಟ್ಟು, ಉಳಿದ ಆರನ್ನು ನೆನೆಹಾಕಿದರು.