ಮೆತ್ತನೆ ಕಣ ಗೋಡೆ ಬಿಟ್ಟು ಯಾಕೆ ಸರಿಯುತ್ತದೆ?

ಸಣ್ಣ ಕಾಲುವೆಗಳಲ್ಲಿ ದ್ರವ ಹರಿಯುವ ಪಾಠದಲ್ಲಿ ನಾನು ಎರಡು ದಿನ ಒದ್ದಾಡಿದ್ದು ಒಂದೇ ಪ್ರಶ್ನೆಗೆ. ಕೂದಲೆಳೆಯಷ್ಟು ಸಣ್ಣ ಕಾಲುವೆ, ದ್ರವ ನೇರವಾಗಿ ಹರಿಯುತ್ತಿದೆ, ಕಣವನ್ನು ಅಡ್ಡಕ್ಕೆ ಎಳೆಯುವವರು ಯಾರೂ ಇಲ್ಲ. ಆದರೂ ಕೆಂಪು ರಕ್ತಕಣ ಗೋಡೆ ಬಿಟ್ಟು ನಡುವಿಗೆ ಬರುತ್ತದೆ. ಹೇಗೆ?

ಮೊದಲು ರೆನಾಲ್ಡ್ಸ್ ಸಂಖ್ಯೆ, ಅಂದರೆ ಜಡತ್ವದ ಪ್ರಭಾವವನ್ನು ಸ್ನಿಗ್ಧತೆಯ (ದ್ರವದ ಅಂಟುತನದ) ಪ್ರಭಾವದಿಂದ ಭಾಗಿಸಿದ್ದು. 50 ಮೈಕ್ರಾನ್ ಅಗಲದ ಕಾಲುವೆಯಲ್ಲಿ ನೀರು ಸೆಕೆಂಡಿಗೆ 1 ಮಿಲಿಮೀಟರ್ ಹರಿದರೆ ಅದು ಸುಮಾರು 0.05. ಅಂದರೆ ಜಡತ್ವಕ್ಕೆ ಕೆಲಸವೇ ಇಲ್ಲ, ಎಲ್ಲಾ ಸ್ನಿಗ್ಧತೆಯದ್ದೇ ಕಾರುಬಾರು. ಇಲ್ಲಿ ಹರಿವನ್ನು ಹಿಂದಕ್ಕೆ ತಿರುಗಿಸಿದರೆ ಪ್ರತಿಯೊಂದು ಚಲನೆಯೂ ಹಿಂದಕ್ಕೆ ತಿರುಗುತ್ತದೆ.

ಈಗ ಒಂದು ಗಟ್ಟಿ ಗುಂಡು ಹಾಕಿ. ಹರಿವು ಎಡದಿಂದ ಬಲಕ್ಕಿದ್ದಾಗ ಅದು ಗೋಡೆಯಿಂದ ದೂರ ಸರಿಯಿತು ಅಂತಿಟ್ಟುಕೊಳ್ಳೋಣ. ಹರಿವು ತಿರುಗಿಸಿದರೆ ಗೋಡೆಯ ಕಡೆಗೆ ಬರಬೇಕು. ಆದರೆ ಬಲದಿಂದ ಎಡಕ್ಕೆ ಹರಿಯುವುದೆಂದರೆ ಮೊದಲ ಚಿತ್ರವನ್ನೇ ಕನ್ನಡಿಯಲ್ಲಿ ನೋಡಿದ ಹಾಗೆ, ಅಲ್ವಾ? ಕನ್ನಡಿಯಲ್ಲೂ ಗುಂಡು ದೂರವೇ ಸರಿಯುತ್ತಿರುತ್ತದೆ. ಎರಡೂ ಒಟ್ಟಿಗೆ ನಿಜ ಆಗಬೇಕಾದರೆ ಒಂದೇ ದಾರಿ: ಗುಂಡು ಅಡ್ಡಕ್ಕೆ ಸರಿಯುವುದೇ ಇಲ್ಲ.

(1961ರಲ್ಲಿ ಸೆಗ್ರೆ ಮತ್ತು ಸಿಲ್ಬರ್‌ಬರ್ಗ್ ತೋರಿಸಿದ್ದು, ಅಂದರೆ ಗಟ್ಟಿ ಗುಂಡುಗಳು ಕೊಳವೆಯಲ್ಲಿ ನಡುವಿನಿಂದ ತ್ರಿಜ್ಯದ ಸುಮಾರು 0.6ರಷ್ಟು ದೂರದಲ್ಲಿ ಉಂಗುರದಂತೆ ಸೇರುವುದು, ಜಡತ್ವದಿಂದ ಆಗುವ ಬೇರೆಯದೇ ಕಥೆ. ನಾನು ಎರಡನ್ನೂ ಸುಮ್ನೆ ಕಲಸಿಕೊಂಡಿದ್ದೆ.)

ಮೆತ್ತನೆ ಕಣದಲ್ಲಿ ಈ ವಾದ ಎಲ್ಲಿ ಮುರಿಯುತ್ತದೆ ನೋಡಿ. ಅದರ ಆಕಾರವೇ ಹರಿವಿನ ಕೈಯಲ್ಲಿದೆ. ಹರಿವು ಅದನ್ನು ಉದ್ದಕ್ಕೆ ಎಳೆದು ತನ್ನ ದಿಕ್ಕಿಗೆ ಓರೆಯಾಗಿಸುತ್ತದೆ, ಆ ಓರೆ ಕಣ ಗೋಡೆಯ ಪಕ್ಕದಲ್ಲಿದ್ದಾಗ ಅದನ್ನು ಗೋಡೆಯಿಂದ ದೂರ ತಳ್ಳುವ ಬಲ ಹುಟ್ಟುತ್ತದೆ. ಹರಿವು ತಿರುಗಿಸಿದರೆ ಕಣ ಹಳೇ ಓರೆಯಲ್ಲೇ ಕೂತಿರುವುದಿಲ್ಲ, ಇನ್ನೊಂದು ಕಡೆಗೆ ವಾಲುತ್ತದೆ. ಹಾಗಾಗಿ ಮತ್ತೆ ದೂರವೇ ಸರಿಯುತ್ತದೆ. ಕನ್ನಡಿಯ ಮಾತು ಉಳಿಯಿತು, ‘ಎಲ್ಲವೂ ಹಿಂದಕ್ಕೆ’ ಎಂಬ ಮಾತು ಬಿತ್ತು.

ಆಕಾರ ಎಷ್ಟು ಬದಲಾಗುತ್ತದೆ ಎಂಬುದನ್ನು ಕ್ಯಾಪಿಲರಿ ಸಂಖ್ಯೆ ಹೇಳುತ್ತದೆ: ಹರಿವಿನ ಎಳೆತವನ್ನು ಕಣದ ಬಿಗಿತದಿಂದ ಭಾಗಿಸಿದ್ದು. ಮೆತ್ತನೆ ಕಣ ಇನ್ನೊಂದು ದ್ರವದ ಹನಿಯಾದರೆ ಬಿಗಿತ ಮೇಲ್ಮೈ ಎಳೆತದಿಂದ, ರಕ್ತಕಣಕ್ಕೆ ಪೊರೆಯಿಂದ.

ಆದರೆ ‘ಮೆತ್ತಗಿದ್ದರೆ ನಡುವಿಗೆ’ ಅಂತ ಬಾಯಿಪಾಠ ಮಾಡಬೇಡಿ. ಚಾನ್ ಮತ್ತು ಲೀಲ್ 1979ರಲ್ಲಿ ಸ್ವಲ್ಪವೇ ಆಕಾರ ಬದಲಿಸುವ ಹನಿಗಳ ಲೆಕ್ಕ ಮಾಡಿದಾಗ, ಒಳಗಿನ ದ್ರವದ ಸ್ನಿಗ್ಧತೆ ಹೊರಗಿನದರ 0.5ರಿಂದ 10 ಪಟ್ಟಿನ ನಡುವೆ ಇದ್ದರೆ ಹನಿ ನಡುವಿನಿಂದ ಗೋಡೆಯ ಕಡೆಗೇ ಹೊರಡುತ್ತದೆ ಎಂದು ಬಂತು.

ರಕ್ತದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಕೆಂಪು ಕಣಗಳು ನಡುವೆ ಸೇರಿ ಗೋಡೆಯ ಬಳಿ ಬರೀ ಪ್ಲಾಸ್ಮಾದ (ರಕ್ತದ ದ್ರವಭಾಗದ) ತೆಳು ಪದರ ಉಳಿಯುತ್ತದೆ, ಅದು ಜಾರುಬಂಡಿಯಂತೆ ಕೆಲಸ ಮಾಡುತ್ತದೆ. 1931ರಲ್ಲಿ ಫೋರೇಯಸ್ ಮತ್ತು ಲಿಂಡ್‌ಕ್ವಿಸ್ಟ್ ಸುಮಾರು 0.3 ಮಿಲಿಮೀಟರ್‌ಗಿಂತ ಸಣ್ಣ ಕೊಳವೆಗಳಲ್ಲಿ ರಕ್ತ ಇನ್ನೂ ತೆಳುವಾದಂತೆ ಹರಿಯುವುದನ್ನು ಕಂಡಿದ್ದು ಇದರಿಂದಲೇ. ನಡುವಿನಲ್ಲಿ ಜಾಗ ಸಿಗದ ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಕಿರುಕಣಗಳು) ಅಂಚಿಗೆ ತಳ್ಳಲ್ಪಡುತ್ತವೆ. ಮಲೇರಿಯಾ ತಗುಲಿ ಪೊರೆ ಬಿರುಸಾದ ಕೆಂಪು ಕಣಗಳಿಗೂ ಅದೇ ಗತಿ, ಆರೋಗ್ಯವಾಗಿರುವ ಮೆತ್ತನೆ ಕಣಗಳು ಅವನ್ನು ಗೋಡೆಗೆ ದೂಡುತ್ತವೆ.