ಕಿಟಕಿ ತೆರೆದಿಟ್ಟರೂ ಸೆಲ್ಲಾರ್ ಯಾಕೆ ಒಣಗುತ್ತಿಲ್ಲ?

ಓದುಗರ ಪ್ರಶ್ನೆ: ಮಡಿಕೇರಿಯಲ್ಲಿ ಬರೆ (ಗುಡ್ಡದ ಕಡಿದಾದ ಬದಿ) ಕಡಿದು ಕಟ್ಟಿದ ಮನೆ ನಮ್ಮದು. ಮೊನ್ನೆಯ ಮಳೆಗೆ ಕೆಳಗಿನ ಸೆಲ್ಲಾರ್‌ಗೆ ಒಂದೂವರೆ ಅಡಿ ಕೆಸರು ನೀರು ನುಗ್ಗಿತ್ತು. ನೀರು ಹೊರಹಾಕಿ, ತೊಳೆದು, ಕಿಟಕಿ ಬಾಗಿಲು ತೆರೆದಿಟ್ಟು ಎರಡು ಫ್ಯಾನ್ ಹಾಕಿ ಹದಿನೈದು ದಿನವಾಯಿತು. ಮುಗ್ಗಲು ವಾಸನೆ ಹೋಗಿಲ್ಲ, ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟು ಏಳುತ್ತಿದೆ. ಮೆಷಿನ್ ತಂದು ಒಣಗಿಸಿಕೊಡುವವರನ್ನು ಕರೆಸಬೇಕೇ? ನಾವು ಮಾಡದೇ ಇರುವುದನ್ನು ಅವರೇನು ಮಾಡುತ್ತಾರೆ?

ಉತ್ತರ: ಮೊದಲು ಹೋಗಿ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ. ಬಯಲುಸೀಮೆಯಲ್ಲಿ ಕಿಟಕಿ ತೆರೆದರೆ ಮನೆ ಒಣಗುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯ ಕೊಡಗಿನಲ್ಲಿ ಒಣಗುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿಯಬಲ್ಲದು. ಮಳೆ ಹಿಡಿದ ದಿನ ಹೊರಗಿನ ಗಾಳಿ ಆಗಲೇ 16 ಗ್ರಾಂ ಹೊತ್ತಿರುತ್ತದೆ. ನಿಮ್ಮ ಗೋಡೆಯಿಂದ ಇನ್ನು ಎಷ್ಟನ್ನು ಅದು ಎತ್ತಿಕೊಂಡು ಹೋದೀತು? ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಬರೆಗೆ ಒತ್ತಿಕೊಂಡಿರುವ ಹಿಂದಿನ ಗೋಡೆ ಹೊರಗಿನ ಗಾಳಿಗಿಂತ ಒಂದೆರಡು ಡಿಗ್ರಿ ತಣ್ಣಗಿರುತ್ತದೆ. ತೆರೆದ ಕಿಟಕಿಯಿಂದ ಬಂದ ಗಾಳಿ ಆ ಗೋಡೆಗೆ ತಾಗಿದರೆ ಒಣಗಿಸುವ ಬದಲು ಬೆವರು ಕೂರಿಸುತ್ತದೆ. ಹದಿನೈದು ದಿನ ನೀವು ಗೋಡೆಗೆ ನೀರುಣಿಸಿದ್ದೀರಿ, ಬೂಷ್ಟಿನ ಬೀಜವನ್ನು ಫ್ಯಾನಿನಿಂದ ಕೋಣೆ ತುಂಬ ಹರಡಿದ್ದೀರಿ. ತಪ್ಪು ನಿಮ್ಮೊಬ್ಬರದ್ದಲ್ಲ, ಊರೆಲ್ಲ ಹೀಗೇ ಮಾಡುತ್ತದೆ.

ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಇಡುವುದು ನಮ್ಮಲ್ಲಿನ ಇನ್ನೊಂದು ರೂಢಿ. ಬಟ್ಟೆ ಆರಿಸಲು ಹಿತ್ತಲ ಕೊಟ್ಟಿಗೆಯಲ್ಲಿ ಸರಿ, ಸೆಲ್ಲಾರ್‌ನಲ್ಲಿ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಪ್ರಾಣ ತೆಗೆಯುತ್ತದೆ. ಗ್ಯಾಸ್ ಹೀಟರ್‌ಗೂ ಅದೇ ಅಪಾಯ. ಜೊತೆಗೆ ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಒಣಗಿಸಲು ಹೋಗಿ ನೀರು ಹೊತ್ತು ತಂದ ಹಾಗೆ.

ಈ ಕೆಲಸ ಬಲ್ಲವರು ಮಾಡುವುದು ಉಲ್ಟಾ. ಕೋಣೆಯನ್ನು ಹೊರಗಿನ ಗಾಳಿಯಿಂದ ಬೇರ್ಪಡಿಸುತ್ತಾರೆ. ಕಿಟಕಿ, ವೆಂಟಿಲೇಟರ್, ಮೆಟ್ಟಿಲ ಬಾಯಿ ಎಲ್ಲಕ್ಕೂ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿ, ಒಳಗೆ ಡಿಹ್ಯುಮಿಡಿಫೈಯರ್ ಇಡುತ್ತಾರೆ. ಅದರೊಳಗಿನ ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ಆವಿ ನೀರಾಗಿ ಇಳಿದು ಪೈಪಿನಲ್ಲಿ ಹೊರಗೆ ಹೋಗುತ್ತದೆ. ಇದರ ಜೊತೆಗೆ ಗೋಡೆಯ ಬುಡಕ್ಕೆ ಗಾಳಿ ಬೀಸುವ ಬ್ಲೋವರ್‌ಗಳು. ಏರ್ ಮೂವರ್ ಎನ್ನುವುದು ಇವನ್ನೇ. ಗೋಡೆಯುದ್ದಕ್ಕೂ 10ರಿಂದ 16 ಅಡಿಗೆ ಒಂದರಂತೆ ಇಟ್ಟು, ಮೂತಿಯನ್ನು ಗೋಡೆಗೆ ನೇರವಾಗಿ ಹಿಡಿಯದೆ ಓರೆಯಾಗಿ ತಿರುಗಿಸಿ, ಎಲ್ಲವೂ ಒಂದೇ ದಿಕ್ಕಿಗೆ ಗಾಳಿ ಅಟ್ಟುವ ಹಾಗೆ ಜೋಡಿಸಬೇಕು. ಸೀಲಿಂಗ್ ಫ್ಯಾನ್ ಇದಕ್ಕೆ ಬದಲಿಯಲ್ಲ, ಅದರ ಗಾಳಿ ಗೋಡೆಯ ಮೂಲೆಗೆ ಮುಟ್ಟುವುದೇ ಇಲ್ಲ. ಡಿಹ್ಯುಮಿಡಿಫೈಯರ್ ಇಲ್ಲದೆ ಬ್ಲೋವರ್ ಮಾತ್ರ ಬಾಡಿಗೆಗೆ ತಂದವರಿಗೆ ಗೋಡೆಯ ನೀರು ಗಾಳಿಗೆ ಹೋಗಿ, ಅಲ್ಲಿಂದ ಮೇಲಿನ ಸ್ಲ್ಯಾಬಿಗೆ, ಬೀರುವಿನ ಹಿಂಬದಿಗೆ ಅಂಟುತ್ತದೆ.

ಆದರೆ ಮೆಷಿನ್ ತಂದವರು ಮೂರೇ ದಿನದಲ್ಲಿ ಒಣಗಿಸಿಕೊಡುತ್ತೇವೆ ಎಂದರೆ ನಂಬಬೇಡಿ. ಮೂರರಿಂದ ಐದು ದಿನ ಎಂಬ ಲೆಕ್ಕ ಬಂದದ್ದು ಮರದ ಚೌಕಟ್ಟಿಗೆ ತೆಳ್ಳನೆಯ ಜಿಪ್ಸಂ ಹಲಗೆ ಹೊಡೆದ ಅಮೆರಿಕದ ಮನೆಗಳಿಂದ. ನಿಮ್ಮದು ಇಟ್ಟಿಗೆ ಅಥವಾ ಸೈಜುಗಲ್ಲಿನ ಗೋಡೆ. ಒಂದು ಲೆಕ್ಕ ಹಾಕಿ ನೋಡೋಣ. 20 ಅಡಿಗೆ 15 ಅಡಿಯ ಕೋಣೆ, 9 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಅದರೊಳಗಿನ ಗಾಳಿಯಲ್ಲಿರುವ ಒಟ್ಟು ನೀರು ಒಂದೂಕಾಲು ಲೀಟರ್ ಮಾತ್ರ. ನೀರು ಒಂದೂವರೆ ಅಡಿ ನಿಂತಿದ್ದರೆ ಇಟ್ಟಿಗೆ ಅದನ್ನು ಎರಡೂವರೆ ಅಡಿಯವರೆಗೂ ಹೀರಿಕೊಂಡಿರುತ್ತದೆ. ನಾಲ್ಕೂ ಕಡೆಯ 9 ಇಂಚಿನ ಗೋಡೆಯಲ್ಲಿ ಅಷ್ಟು ಎತ್ತರದ ಭಾಗದ ತೂಕ ಆರು ಟನ್ನಿಗೂ ಹೆಚ್ಚು. ಅದು ತೂಕದ ಶೇಕಡಾ 10ರಷ್ಟು ನೀರು ಕುಡಿದಿದ್ದರೂ 600 ಲೀಟರ್ ಆಯಿತು. ದಿನಕ್ಕೆ 50 ಲೀಟರ್ ಎಂದು ಬರೆದ ಡಿಹ್ಯುಮಿಡಿಫೈಯರ್ ಅಷ್ಟು ನೀರು ತೆಗೆಯುವುದು ಸಾಮಾನ್ಯವಾಗಿ 30 ಡಿಗ್ರಿ ಬಿಸಿಯಲ್ಲಿ, ಶೇಕಡಾ 80 ತೇವಾಂಶದಲ್ಲಿ. ಮಡಿಕೇರಿಯ 20 ಡಿಗ್ರಿಯಲ್ಲಿ ಅದರ ಅರ್ಧ ಬಂದರೆ ಹೆಚ್ಚು. ಅಲ್ಲದೆ ಗೋಡೆಯ ಒಳಗಿನ ನೀರು ಮೇಲ್ಮೈಗೆ ಬರುವುದು ಅದರದೇ ನಿಧಾನದಲ್ಲಿ. ದಪ್ಪ ಗೋಡೆ ತಿಂಗಳಿಗೆ ಒಂದು ಇಂಚು ಒಣಗುತ್ತದೆ ಎಂಬುದು ಕಟ್ಟಡದವರ ಹಳೆಯ ಅಂದಾಜು. ಬರೆಗೆ ತಾಗಿದ ಗೋಡೆಗೆ ಒಣಗಲು ಒಂದೇ ಮುಖ.

ಹಾಗಾದರೆ ಮೆಷಿನ್ ಯಾಕೆ? ಆದಷ್ಟು ಬೇಗ ಗಾಳಿಯ ತೇವಾಂಶವನ್ನು ಶೇಕಡಾ 60ರ ಕೆಳಗೆ ತಂದರೆ ಬೂಷ್ಟು ಏಳುವುದಿಲ್ಲ, ಮರ ಉಬ್ಬುವುದಿಲ್ಲ. ಅಷ್ಟು ಸಾಧಿಸಿದರೆ ಗೋಡೆ ತನ್ನ ಪಾಡಿಗೆ ಬೇಸಿಗೆಯವರೆಗೆ ಒಣಗುತ್ತಿರಲಿ. ಬೂಷ್ಟು ಏಳಲು 24ರಿಂದ 48 ಗಂಟೆ ಸಾಕು, ಹಾಗಾಗಿ ಬೆಲೆಯಿರುವುದು ಮೊದಲ ಎರಡು ದಿನಕ್ಕೆ. ಸೆಲ್ಲಾರ್‌ನಲ್ಲಿ ಮರದ ನೆಲ, ಬೀಟೆಯ ಪೀಠೋಪಕರಣ, ಕಾಫಿ ಮೂಟೆ, ಮಲಗುವ ಕೋಣೆ ಇದ್ದರೆ ಪೂರ್ತಿ ಸರಂಜಾಮಿನವರನ್ನು ಕರೆಸಿ. ಬರೀ ಸಿಮೆಂಟ್ ನೆಲ, ಕಲ್ಲಿನ ಗೋಡೆಯ ಖಾಲಿ ಗೋಡೌನ್ ಆದರೆ ನಮ್ಮ ಮಾತಿನಲ್ಲಿ ಅಷ್ಟು ಖರ್ಚು ದಂಡ. ಒಂದು ಡಿಹ್ಯುಮಿಡಿಫೈಯರ್ ಕೊಂಡು ಬಾಗಿಲು ಮುಚ್ಚಿಟ್ಟು ಓಡಿಸಿ, ಮುಂದಿನ ಮಳೆಗಾಲಕ್ಕೂ ಬೇಕಾಗುತ್ತದೆ.

ಕರೆಂಟಿನ ಲೆಕ್ಕವನ್ನೂ ಕೇಳಿಕೊಳ್ಳಿ. ಒಂದು ಡಿಹ್ಯುಮಿಡಿಫೈಯರ್ ಮತ್ತು ಮೂರು ಬ್ಲೋವರ್ ಸೇರಿ ಸುಮಾರು ಎರಡು ಕಿಲೋವ್ಯಾಟ್, ಅಂದರೆ ದಿನಕ್ಕೆ 48 ಯೂನಿಟ್. ಮರ ಬಿದ್ದು ಲೈನ್ ಹೋದರೆ ಜನರೇಟರ್ ಬೇಕು. ಅದನ್ನು ಮಳೆ ತಾಗದ ಕಡೆ, ಮನೆಯಿಂದ 20 ಅಡಿಯಾದರೂ ದೂರ ಇಡಬೇಕು. ಕೋಣೆಯನ್ನು ಎಲೆಕ್ಟ್ರಿಕ್ ಹೀಟರಿನಿಂದ 28 ಡಿಗ್ರಿಗೆ ಏರಿಸಿದರೆ ಅದೇ ಒದ್ದೆ ಗಾಳಿಯ ತೇವಾಂಶ ಶೇಕಡಾ 95ರಿಂದ 60ಕ್ಕೆ ಇಳಿಯುತ್ತದೆ, ಡಿಹ್ಯುಮಿಡಿಫೈಯರ್ ಕೂಡ ಚುರುಕಾಗುತ್ತದೆ. ಬಿಲ್ ನೋಡಿಕೊಂಡು ಮಾಡಿ.

ಮೆಷಿನ್ ಬರುವ ಮೊದಲು ಆಗಬೇಕಾದ ಕೆಲಸ ಬೇರೆಯೇ ಇದೆ. ಈಗಷ್ಟೇ ನೀರು ನುಗ್ಗಿದವರಿಗೂ ಇದು ಅನ್ವಯಿಸುತ್ತದೆ. ಮೇನ್ ಸ್ವಿಚ್ ಆಫ್ ಮಾಡುವ ಜೊತೆಗೆ ಇನ್ವರ್ಟರ್ ಕೂಡ ಆಫ್ ಮಾಡಿ. ಊರಿಗೆಲ್ಲ ಕರೆಂಟ್ ಹೋಗಿದೆ ಎಂದು ನೀರಿಗಿಳಿದರೆ ಇನ್ವರ್ಟರ್ ಲೈನ್ ಜೀವಂತವಾಗಿರುತ್ತದೆ. ಸ್ವಿಚ್ ಮುಟ್ಟಲು ನೀರಿನಲ್ಲಿ ನಿಲ್ಲಬೇಕಾದರೆ ಇಳಿಯಬೇಡಿ, ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್ ಬಂದು ಕಂಬದಲ್ಲೇ ತಪ್ಪಿಸಲಿ. ಹಿಂದಿನ ಗೋಡೆಯಲ್ಲಿ ಹೊಸ ಬಿರುಕು, ಮನೆಯ ಮೇಲಿನ ಬರೆಯಲ್ಲಿ ಸೀಳು, ತಿಳಿಯಾಗಿ ಬರುತ್ತಿದ್ದ ನೀರು ಒಮ್ಮೆಗೇ ಕೆಂಪಾಗುವುದು, ಇವುಗಳಲ್ಲಿ ಒಂದು ಕಂಡರೂ ಸೆಲ್ಲಾರ್ ಬಿಟ್ಟು ಮನೆಯಿಂದಲೇ ಹೊರಡಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನ ಗೋಡೆ, ಹಸಿ ಇಟ್ಟಿಗೆಯ ಗೋಡೆ ನೆನೆದಿದ್ದರೆ ಒಳಗೆ ಹೋಗಲೇಬೇಡಿ. ಅದು ಬೀಳುವುದು ಮಳೆ ನಿಂತ ಮೇಲೂ ಇರಬಹುದು.

ನೀರು ತೆಗೆಯುವ ಆತುರದಲ್ಲಿ ಗೋಡೆ ಕಳೆದುಕೊಂಡವರಿದ್ದಾರೆ. ಕುಶಾಲನಗರದ ಹೊಳೆಬದಿಯ ಬಡಾವಣೆಗಳಲ್ಲಿ ಇದನ್ನು ಮುಖ್ಯವಾಗಿ ನೆನಪಿಡಬೇಕು. ಹೊರಗಿನ ಮಣ್ಣು 6 ಅಡಿಯವರೆಗೆ ನೀರಿನಿಂದ ತುಂಬಿದ್ದು ಒಳಗೆ ಖಾಲಿಯಾದರೆ, 10 ಅಡಿ ಉದ್ದದ ಗೋಡೆಯ ಮೇಲೆ ನೀರಿನದ್ದೇ ಐದು ಟನ್ ಒತ್ತಡ ಬೀಳುತ್ತದೆ. ಒಳಗಿನ ನೀರು ಅಷ್ಟು ಹೊತ್ತು ಗೋಡೆಗೆ ಆಸರೆಯಾಗಿ ನಿಂತಿತ್ತು. ಆದ್ದರಿಂದ ಆಳ ಹೆಚ್ಚಿದ್ದರೆ ಮೊದಲು ಒಂದು ಅಡಿ ಮಾತ್ರ ಇಳಿಸಿ, ಗೋಡೆಗೆ ಗುರುತು ಹಾಕಿ, ರಾತ್ರಿ ಬಿಡಿ. ಬೆಳಗ್ಗೆ ನೀರು ಗುರುತಿನ ಮೇಲೆ ಬಂದಿದ್ದರೆ ಹೊರಗಿನ ನೀರು ಇನ್ನೂ ಇಳಿದಿಲ್ಲ, ಕಾಯಿರಿ. ಏರದಿದ್ದರೆ ದಿನಕ್ಕೆ ಎರಡು ಮೂರು ಅಡಿಯಂತೆ ತೆಗೆಯಿರಿ. ನಿಮ್ಮ ಹಾಗೆ ಒಂದೂವರೆ ಅಡಿಗೆ ಇಷ್ಟು ಚಿಂತೆ ಬೇಡ.

ಪಂಪ್ ಯಾವುದು? ತೋಟದ ಸ್ಪ್ರಿಂಕ್ಲರ್ ಪಂಪ್‌ಸೆಟ್ ಇದೆಯಲ್ಲ ಎನ್ನಬೇಡಿ. ಅದು ತಿಳಿನೀರನ್ನು ಎತ್ತರಕ್ಕೆ ತಳ್ಳಲು ಮಾಡಿದ್ದು. ಕೆಸರಿನಲ್ಲಿ ಫುಟ್‌ವಾಲ್ವ್ ಕಟ್ಟಿಕೊಂಡು, ಮರಳು ಸೀಲನ್ನು ಸವೆಸಿ, ಫೆಬ್ರವರಿಯಲ್ಲಿ ಕಾಫಿ ಹೂ ಅರಳಲು ನೀರು ಹಾಯಿಸುವ ಹೊತ್ತಿಗೆ ಕೈಕೊಡುತ್ತದೆ. ಮಡ್ ಪಂಪ್ ಬಾಡಿಗೆಗೆ ತನ್ನಿ. ಕೊನೆಯ ಒಂದಿಂಚು ನೀರನ್ನು ವೈಪರ್ ಅಥವಾ ನೀರೆಳೆಯುವ ವ್ಯಾಕ್ಯೂಮ್‌ನಿಂದಲೇ ತೆಗೆಯಬೇಕು. ಡಿಹ್ಯುಮಿಡಿಫೈಯರ್ ಒಂದು ದಿನವಿಡೀ ತೆಗೆಯುವ ನೀರನ್ನು ವ್ಯಾಕ್ಯೂಮ್ ಒಂದೆರಡು ನಿಮಿಷದಲ್ಲಿ ಎಳೆಯುತ್ತದೆ.

ಕೆಸರು ಹಸಿಯಿದ್ದಾಗಲೇ ಸಲಿಕೆಯಲ್ಲಿ ಬಳಿಯಿರಿ. ನಮ್ಮ ಕೆಂಪು ಜೇಡಿ ಒಣಗಿದರೆ ಇಟ್ಟಿಗೆಯಂತಾಗಿ, ಪ್ಲಾಸ್ಟರನ್ನೂ ಕಿತ್ತುಕೊಂಡು ಬರುತ್ತದೆ. ಹೊರಗಿನಿಂದ ನುಗ್ಗಿದ ನೀರಿನಲ್ಲಿ ಪಾಯಿಖಾನೆ ಗುಂಡಿಯದ್ದು ಬೆರೆತೇ ಇರುತ್ತದೆ ಎಂದುಕೊಳ್ಳಿ. ಈ ಕ್ಷೇತ್ರದವರು ಅನುಸರಿಸುವ ಎಸ್-500 ಮಾನದಂಡದಲ್ಲೂ ನೆರೆನೀರಿಗೆ ಮೂರನೆಯ ದರ್ಜೆ, ಅಂದರೆ ಅತಿ ಕೊಳಕು. ಗಂಬೂಟು, ರಬ್ಬರ್ ಗ್ಲೌಸ್ ಇಲ್ಲದೆ ಇಳಿದರೆ ಇಲಿಜ್ವರದ ಭಯ, ಕಾಲಿನಲ್ಲಿ ಗಾಯವಿದ್ದರೆ ಇನ್ನೂ ಹೆಚ್ಚು.

ತೊಳೆಯುವುದು ಮೊದಲು ಸೋಪಿನ ನೀರಿನಲ್ಲಿ, ಆಮೇಲೆ ಬ್ಲೀಚಿಂಗ್ ಪೌಡರ್. ಕೆಸರಿನ ಮೇಲೆ ಪೌಡರ್ ಎರಚಿದರೆ ಕ್ಲೋರಿನ್ ಕೆಸರಿಗೇ ಖರ್ಚಾಗಿ ಹೋಗುತ್ತದೆ. ಹೊಸ ಪೌಡರ್ ಆದರೆ 10 ಲೀಟರ್ ನೀರಿಗೆ 150 ಗ್ರಾಂ ಕರಗಿಸಿ, ತಿಳಿಯನ್ನು ನೆಲ ಗೋಡೆಗೆ ಬಳಿದು, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬಾಯಿ ಬಿಚ್ಚಿಟ್ಟ ಹಳೇ ಪ್ಯಾಕೆಟ್ ನಮ್ಮ ತಂಡಿಗೆ ಸತ್ವ ಕಳೆದುಕೊಂಡಿರುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಸೇರಿಸಿದರೆ ವಿಷಾನಿಲ ಏಳುತ್ತದೆ. ನಿಮ್ಮ ಗೋಡೆಯ ಕಪ್ಪು ಬೂಷ್ಟನ್ನು ಒಣ ಬ್ರಷ್ಷಿನಿಂದ ಉಜ್ಜಬೇಡಿ. ಎನ್-95 ಮಾಸ್ಕ್ ಹಾಕಿ, ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬಿಸಾಡಿ. ಹತ್ತು ಚದರ ಅಡಿಗಿಂತ ಹೆಚ್ಚು ಹರಡಿದ್ದರೆ ಬಲ್ಲವರಿಗೇ ಬಿಡಿ. ಬ್ಲೋವರ್ ಹಾಕುವುದು ಇದೆಲ್ಲ ಮುಗಿದ ಮೇಲೆ.

ಹಾಸಿಗೆ, ಪ್ಲೈವುಡ್, ಮರದ ಪುಡಿಯ ಹಲಗೆ ಉಳಿಯುವುದಿಲ್ಲ. ಎಸೆಯುವ ಮೊದಲು ಪರಿಹಾರ ಮತ್ತು ವಿಮೆಗಾಗಿ ನೀರಿನ ಗೆರೆ ಸಮೇತ ಫೋಟೊ ತೆಗೆದಿಡಿ. ತೇಗ, ಬೀಟೆ, ಹಲಸಿನ ಗಟ್ಟಿ ಮರ ಉಳಿಯುತ್ತದೆ. ಆದರೆ ಅದಕ್ಕೆ ಬ್ಲೋವರ್ ನೇರ ಹಿಡಿದರೆ, ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ಡ್ರಾಯರ್ ಕಳಚಿ, ಕಾಲಡಿ ಹಲಗೆ ಕೊಟ್ಟು ನೆರಳಲ್ಲಿ ಬಿಡಿ. ನೆನೆದ ಕಾಫಿಯನ್ನು ಮತ್ತೆ ಒಣಗಿಸಿ ಒಳ್ಳೆಯ ಮೂಟೆಗೆ ಬೆರೆಸುವ ಆಸೆ ಬೇಡ, ಬೂಷ್ಟು ಬಿಟ್ಟ ವಿಷ ಒಣಗಿಸಿದರೆ ಹೋಗದು. ಸಿಮೆಂಟ್ ಪ್ಲಾಸ್ಟರ್ ಬಡಿದಾಗ ಟೊಳ್ಳು ಸದ್ದು ಬಂದರೆ ನೀರಿನ ಗೆರೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ. ಅದನ್ನು ಉಳಿಸಿಕೊಂಡು ಯಾವ ಮೆಷಿನ್ ಓಡಿಸಿದರೂ ಹಿಂದಿನ ನೀರು ಹಿಂದೆಯೇ ಇರುತ್ತದೆ. ಮುಳುಗಿದ ಸ್ವಿಚ್, ಸಾಕೆಟ್ ಬದಲಾಯಿಸಿ. ವಯರಿಂಗ್‌ಗೆ ಮೆಗ್ಗರ್ (ಕರೆಂಟ್ ಸೋರಿಕೆ ಪರೀಕ್ಷಿಸುವ ಮೀಟರ್) ಇಟ್ಟು ನೋಡಿದಾಗ ಕನಿಷ್ಠ ಒಂದು ಮೆಗಾ ಓಮ್ ಬರದೆ ಲೈನ್ ಕೊಡಬಾರದು.

ಒಣಗಿತು ಎಂದು ಹೇಳುವುದು ಕೈಯಲ್ಲ, ಮೀಟರ್. ಕರೆಸಿದವರು ದಿನಾ ಅದೇ ಜಾಗಗಳಲ್ಲಿ ಅಳೆದು ಬರೆದಿಡುತ್ತಾರೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಮರದ ತೇವ ಶೇಕಡಾ 12ಕ್ಕೆ ಇಳಿಯಬೇಕು ಎಂಬ ಪುಸ್ತಕದ ಅಂಕಿ ಇಲ್ಲಿ ನಡೆಯುವುದಿಲ್ಲ. ಮಳೆಗಾಲದ ಕೊಡಗಿನಲ್ಲಿ ನೀರೇ ಮುಟ್ಟದ ಮರವೂ 18ರಿಂದ 20 ತೋರಿಸುತ್ತದೆ. ಮೇಲಿನ ಅಂತಸ್ತಿನ ಒಣ ಬಾಗಿಲನ್ನು ಅಳೆದು, ಕೆಳಗಿನದ್ದನ್ನು ಅದಕ್ಕೆ ಹೋಲಿಸಿ. ನೆಲಕ್ಕೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ 16 ಗಂಟೆ ಬಿಡಿ. ಅಡಿಯಲ್ಲಿ ಹನಿ ಕಟ್ಟಿದರೆ ಅಥವಾ ನೆಲ ಕಪ್ಪಾದರೆ ಟೈಲ್ಸ್ ಹಾಕುವ ಕಾಲ ಬಂದಿಲ್ಲ. ಗೋಡೆಗೆ ಪೇಂಟ್ ಕೂಡ ಫೆಬ್ರವರಿಗೆ ಮೊದಲು ಬೇಡ. ವಾಟರ್‌ಪ್ರೂಫ್ ಪೇಂಟ್ ಬಳಿದರೆ ಸೆಪ್ಟೆಂಬರ್‌ನಲ್ಲಿ ಚೆಂದ ಕಾಣುತ್ತದೆ, ಜನವರಿಯಲ್ಲಿ ಬಿಳಿ ಉಪ್ಪಿನ ಸಮೇತ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸುಣ್ಣ ಹೊಡೆಸಿ, ಅದು ಗೋಡೆಗೆ ಉಸಿರಾಡಲು ಬಿಡುತ್ತದೆ.

ಇನ್ನೊಂದು ಅಳತೆ ನೀವೇ ಮಾಡಬಹುದು. ಡಿಹ್ಯುಮಿಡಿಫೈಯರ್‌ನಿಂದ ಬರುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ದಿನಾ ಬರೆದಿಡಿ. ಅದು ದಿನದಿಂದ ದಿನಕ್ಕೆ ಇಳಿಯಬೇಕು. ಕೋಣೆ ಸರಿಯಾಗಿ ಮುಚ್ಚಿದ್ದೂ ವಾರವಾದರೂ ಇಳಿಯದಿದ್ದರೆ ನಿಮಗೆ ನೆರೆಯ ತೊಂದರೆಯಲ್ಲ, ಜಲ ಎದ್ದಿದೆ, ಅಂದರೆ ನೆಲದೊಳಗಿನ ನೀರು ಒಸರುತ್ತಿದೆ. ಬರೆ ಕಡಿದ ಮನೆಗಳಲ್ಲಿ ಇದೇ ಹೆಚ್ಚು. ಅದಕ್ಕೆ ಒಣಗಿಸುವ ಮೆಷಿನ್ ಮದ್ದಲ್ಲ. ಮನೆಯ ಹಿಂದೆ ಬರೆಯ ಬುಡದಲ್ಲಿ ಸೆಲ್ಲಾರ್ ನೆಲಕ್ಕಿಂತ ಕೆಳಗಿನ ಮಟ್ಟದಲ್ಲಿ ಜಲ್ಲಿ ತುಂಬಿದ ಚರಂಡಿ ತೆಗೆಸಬೇಕು. ಬರೆಯ ಬುಡ ಕೆದಕುವ ಕೆಲಸವಾದ್ದರಿಂದ ಮಳೆಗಾಲದಲ್ಲಿ ಕೈ ಹಾಕದೆ, ಬೇಸಿಗೆಯಲ್ಲಿ ತಿಳಿದವರಿಂದ ಮಾಡಿಸಿ. ಅಲ್ಲಿಯವರೆಗೆ ಸೆಲ್ಲಾರ್‌ನ ತಗ್ಗಿನ ಮೂಲೆಯಲ್ಲಿ ಎರಡಡಿ ಚೌಕ, ಎರಡಡಿ ಆಳದ ಗುಂಡಿ ತೋಡಿ, ತೂತು ಕೊರೆದ ಪ್ಲಾಸ್ಟಿಕ್ ಡ್ರಮ್ ಇಳಿಸಿ, ಸುತ್ತ ಜಲ್ಲಿ ತುಂಬಿ, ನೀರು ಏರಿದಾಗ ತಾನೇ ಚಾಲೂ ಆಗುವ ಫ್ಲೋಟ್ ಸ್ವಿಚ್ ಇರುವ ಸಣ್ಣ ಸಬ್‌ಮರ್ಸಿಬಲ್ ಪಂಪ್ ಕೂರಿಸಿ. ಗುಂಡಿ ಗೋಡೆಯ ಪಾಯದಿಂದ ಎರಡಡಿಯಾದರೂ ದೂರವಿರಲಿ. ಹೊರಗೆ ಬಿಡುವ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಮರೆಯಬೇಡಿ, ಇಲ್ಲದಿದ್ದರೆ ಪಂಪ್ ನಿಂತಾಗಲೆಲ್ಲ ಪೈಪಿನ ನೀರು ಗುಂಡಿಗೇ ವಾಪಸ್ ಬರುತ್ತದೆ.